ಬಟ್ಟೆಯ ಪದರಗಳ ನಡುವೆ: ಈಜಿಪ್ಟಿನ ಶವಸಂಸ್ಕಾರದ ತಾಯಿತಗಳು

ಮ್ಯೂಸಿಯಂಗಳಲ್ಲಿ ಈಜಿಪ್ಟಿನ ತಾಯಿತಗಳನ್ನು ಬಿಳಿ ಹಲಗೆಯ ಮೇಲೆ ಸಾಲಾಗಿ ಜೋಡಿಸಿ ದೀಪ ಹಾಕಿರುತ್ತಾರೆ. ನೀಲಿ ಕಣ್ಣು, ಹಸಿರು ಕಂಬ, ಕೆಂಪು ಗಂಟು, ಕಪ್ಪು ಕಲ್ಲಿನ ಎರಡು ಬೆರಳು. ಹೆಚ್ಚಿನವು ಮೂರು ನಾಲ್ಕು ಸೆಂಟಿಮೀಟರ್ ದಾಟುವುದಿಲ್ಲ. ಚೆನ್ನಾಗಿದೆ ಅನ್ನುತ್ತೇವೆ, ಮುಂದೆ ಹೋಗುತ್ತೇವೆ. ಆದರೆ ಶವಕ್ಕೆಂದೇ ಮಾಡಿದ ತಾಯಿತಗಳನ್ನು ಬದುಕಿದ್ದವರು ನೋಡಲಿ ಎಂದು ಮಾಡಿದ್ದೇ ಅಲ್ಲ. ಬಟ್ಟೆ ಸುತ್ತಿ ಮುಗಿದ ಮೇಲೆ ಅವು ಯಾರ ಕಣ್ಣಿಗೂ ಬೀಳಬಾರದಾಗಿತ್ತು. ಹಲಗೆಯ ಮೇಲಿನ ಆ ಸಾಲು ನಮ್ಮಿಂದ ಮುಚ್ಚಿಡುವ ಸಂಗತಿ ಇನ್ನೊಂದಿದೆ: ಯಾವ ತಾಯಿತ ಮೈಯ ಯಾವ ಭಾಗದಲ್ಲಿತ್ತು, ಬಟ್ಟೆಯ ಎಷ್ಟನೆಯ ಪದರದಲ್ಲಿತ್ತು ಎಂಬುದು. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಆ ಜಾಗದ ವಿಷಯ. ಗ್ರಂಥ ಹೇಳಿದ ಜಾಗ ಒಂದು, ವಸ್ತು ನಿಜವಾಗಿ ಸಿಕ್ಕ ಜಾಗ ಇನ್ನೊಂದು. ಆ ಅಂತರದಲ್ಲಿ ಕಲಿಯುವುದು ಬಹಳ ಇದೆ.

ನಾವು ತಾಯಿತ ಎಂದಾಗ ನೆನಪಾಗುವುದು ತೋಳಿಗೋ ಕೊರಳಿಗೋ ಕಟ್ಟುವ ಲೋಹದ ಕೊಳವೆ. ಒಳಗೆ ಬರೆದ ತಗಡು ಇರುತ್ತದೆ, ಬಲವೆಲ್ಲ ಆ ಬರಹದ್ದು. ಕೊಳವೆ ಬೆಳ್ಳಿಯದಾದರೂ ಸರಿ, ತಾಮ್ರದ್ದಾದರೂ ಸರಿ. ಈಜಿಪ್ಟಿನಲ್ಲಿ ಹಾಗಲ್ಲ. ಆಕಾರ, ಕಲ್ಲಿನ ಜಾತಿ, ಬಣ್ಣ, ಪೋಣಿಸುವ ದಾರ, ಹೇಳುವ ಮಂತ್ರ, ಇಡುವ ಜಾಗ, ಇಡುವ ದಿನ ಎಲ್ಲ ಸೇರಿ ಒಂದು ತಾಯಿತ. ಹಸಿರು ಎಂದರೆ ಹೊಸ ಚಿಗುರು, ಮರುಹುಟ್ಟು. ಕೆಂಪು ರಕ್ತದ್ದು, ಸೂರ್ಯನದ್ದು. ಬಂಗಾರ ದೇವರ ಮೈ. ನೀಲಿಗೆ ಲ್ಯಾಪಿಸ್ ಲಾಜುಲಿ ಎಂಬ ಕಲ್ಲು ಬೇಕು, ಅದು ಬರಬೇಕಾದದ್ದು ಇಂದಿನ ಅಫ್ಘಾನಿಸ್ತಾನದ ಬದಖ್ಶಾನ್ ಗಣಿಗಳಿಂದ. ಅಷ್ಟು ದೂರದ ಕಲ್ಲು ಎಲ್ಲರ ಕೈಗೆ ಎಲ್ಲಿ ಎಟುಕಬೇಕು? ಅದಕ್ಕೇ ನೀಲಿ ಮೆರುಗಿನ ಫೇಯನ್ಸ್ ಅಷ್ಟೊಂದು ಬಳಕೆಗೆ ಬಂತು. ಅದನ್ನು ಮಾಡುವ ಬಗೆಯನ್ನು ಆಮೇಲೆ ವಿವರವಾಗಿ ಹೇಳುತ್ತೇನೆ.

ಮೊದಲು, ತಾಯಿತ ಇಡುವುದು ಯಾವಾಗ? ರಾಜಮನೆತನದವರಿಗೂ ಉಳ್ಳವರಿಗೂ ಮಾಡುತ್ತಿದ್ದ ಪೂರ್ಣ ಸಂಸ್ಕಾರ ಸುಮಾರು 70 ದಿನದ್ದು. ಎಡ ಪಕ್ಕೆಯಲ್ಲಿ ಸೀಳಿ ಒಳಗಿನ ಅಂಗಗಳನ್ನು ತೆಗೆಯುತ್ತಾರೆ. ಆಮೇಲೆ ಹೆಚ್ಚುಕಡಿಮೆ 40 ದಿನ ದೇಹ ನೇಟ್ರಾನ್ ಉಪ್ಪಿನಲ್ಲಿ ಒಣಗುತ್ತದೆ. ಉಳಿದ ದಿನಗಳು ಎಣ್ಣೆ, ರಾಳ, ಬಟ್ಟೆಯ ಕೆಲಸಕ್ಕೆ. ತಾಯಿತಗಳು ಬರುವುದು ಈ ಕೊನೆಯ ಹಂತದಲ್ಲಿ, ಸುತ್ತುತ್ತ ಸುತ್ತುತ್ತ, ಪದರಕ್ಕೊಂದಿಷ್ಟರಂತೆ. ಬಟ್ಟೆ ಎಷ್ಟು ಹಿಡಿಯುತ್ತಿತ್ತು ಎಂಬ ಅಂದಾಜಿಗೆ ಒಂದು ಉದಾಹರಣೆ ನೋಡಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ವಾಹ್ ಎಂಬವನ ಮಮ್ಮಿ ಇದೆ. 12ನೇ ರಾಜವಂಶದ ಕಾಲದಲ್ಲಿ ಒಂದು ಶ್ರೀಮಂತ ಜಮೀನಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದವನು, ರಾಜನೇನೂ ಅಲ್ಲ. ಅವನಿಗೆ ಬಳಸಿದ ನಾರುಬಟ್ಟೆ ಸುಮಾರು 375 ಚದರ ಮೀಟರ್. 1920ರಲ್ಲಿ ಸಿಕ್ಕ ಈ ಮಮ್ಮಿಯೊಳಗೆ ಒಡವೆ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. 1939ರಲ್ಲಿ ಎಕ್ಸ್-ರೇ ತೆಗೆದಾಗ ಹಾರಗಳು, ಜೀರುಂಡೆ ತಾಯಿತಗಳು ಕಂಡವು. ಹತ್ತೊಂಬತ್ತು ವರ್ಷ ಎಲ್ಲರ ಕಣ್ಣೆದುರೇ ಇದ್ದವು ಅವು.

ಈಗ ಗ್ರಂಥಕ್ಕೆ ಬರೋಣ. ನಾವು ‘ಸತ್ತವರ ಪುಸ್ತಕ’ ಎಂದು ಕರೆಯುವುದು ಒಂದೇ ಪುಸ್ತಕ ಅಲ್ಲ, ಮಂತ್ರಗಳ ಸಂಗ್ರಹ. ದುಡ್ಡಿಗೆ ತಕ್ಕಂತೆ ಮಂತ್ರಗಳನ್ನು ಆರಿಸಿ ಪಪೈರಸ್ ಸುರುಳಿಯಲ್ಲಿ ಬರೆಸಿಕೊಳ್ಳುತ್ತಿದ್ದರು. ಇವತ್ತು ಬಳಸುವ ಸಂಖ್ಯೆಗಳು ಈಜಿಪ್ಟಿನವರು ಕೊಟ್ಟವಲ್ಲ. 1842ರಲ್ಲಿ ಜರ್ಮನಿಯ ಲೆಪ್ಸಿಯಸ್ ಟ್ಯೂರಿನ್‌ನ ಒಂದು ಸುರುಳಿಯನ್ನು ಮುಂದಿಟ್ಟುಕೊಂಡು 165ರ ತನಕ ಸಂಖ್ಯೆ ಹಾಕಿದ, ಮುಂದಿನವನ್ನು ಬೇರೆ ವಿದ್ವಾಂಸರು ಸೇರಿಸಿದರು. ಈ ಮಂತ್ರಗಳಲ್ಲಿ ಕೆಲವಕ್ಕೆ ಕೊನೆಯಲ್ಲಿ ಕೆಂಪು ಶಾಯಿಯ ಸೂಚನೆ ಇರುತ್ತದೆ: ಇದನ್ನು ಯಾವುದರ ಮೇಲೆ ಹೇಳಬೇಕು, ಎಲ್ಲಿ ಇಡಬೇಕು ಎಂದು. ನಮಗೆ ಬೇಕಾದದ್ದು ಆ ಕೆಂಪು ಸಾಲುಗಳೇ.

155ನೇ ಮಂತ್ರ ಜೆಡ್ ಕಂಬದ್ದು. ಜೆಡ್ ಎಂದರೆ ಮೇಲ್ಗಡೆ ನಾಲ್ಕು ಅಡ್ಡಪಟ್ಟಿ ಇರುವ ಕಂಬ. ಒಸಿರಿಸ್ ದೇವರ ಬೆನ್ನೆಲುಬು ಎಂದು ನಂಬಿಕೆ. ಸೂಚನೆ ಹೀಗಿದೆ: ಬಂಗಾರದ್ದಾಗಿರಬೇಕು, ಸಿಕಮೋರ್ ಅತ್ತಿಮರದ ನಾರಿನಲ್ಲಿ ಪೋಣಿಸಬೇಕು, ಹೂಳುವ ದಿನ ಸತ್ತವನ ಗಂಟಲ ಬಳಿ ಇಡಬೇಕು. 156ನೆಯದು ತಿತ್, ಅಂದರೆ ಐಸಿಸ್ ದೇವಿಯ ಗಂಟು. ಕೆಂಪು ಜಾಸ್ಪರ್ ಕಲ್ಲಿನದಾಗಿರಬೇಕು. ಒಂದು ಸಸ್ಯದ ರಸದಲ್ಲಿ ತೋಯಿಸಬೇಕು. ಮತ್ತೆ ಅದೇ ಸಿಕಮೋರ್ ನಾರು, ಅದೇ ಗಂಟಲು. ಮಂತ್ರ ಶುರುವಾಗುವುದೇ ಐಸಿಸ್‌ಳ ರಕ್ತ, ಐಸಿಸ್‌ಳ ಶಕ್ತಿ, ಐಸಿಸ್‌ಳ ಮಾಟವನ್ನು ಕರೆಯುವುದರಿಂದ. ಕಲ್ಲು ಯಾಕೆ ಕೆಂಪಿರಬೇಕು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. 157 ಬಂಗಾರದ ರಣಹದ್ದು, 158 ಬಂಗಾರದ ಕಂಠಪಟ್ಟಿ, 159 ಮತ್ತು 160 ಹಸಿರು ಫೆಲ್ಡ್‌ಸ್ಪಾರ್‌ನ ಪಪೈರಸ್ ದಂಟು. ಗಮನಿಸಿ, ಎಲ್ಲವೂ ಗಂಟಲಿಗೇ. ಮನುಷ್ಯನ ಗಂಟಲಲ್ಲಿ ಜಾಗ ಎಷ್ಟಿದೆ?

ಈ ಪ್ರಶ್ನೆಗೆ ರಾಜ ತುತಾಂಖಾಮುನ್ ಉತ್ತರ ಕೊಡುತ್ತಾನೆ. 1925ರ ನವೆಂಬರ್ 11ರಂದು, ಅವನ ಗೋರಿಯನ್ನು ಕಂಡುಹಿಡಿದ ಪುರಾತತ್ವಜ್ಞ ಹಾವರ್ಡ್ ಕಾರ್ಟರ್ ಎದುರಿಗೆ ಡಗ್ಲಸ್ ಡೆರ್ರಿ, ಸಾಲೆಹ್ ಬೇ ಹಮ್ದಿ ಎಂಬ ಇಬ್ಬರು ವೈದ್ಯರು ಅವನ ಬಟ್ಟೆ ಬಿಚ್ಚತೊಡಗಿದರು. ಆ ಸುತ್ತುಗಳಲ್ಲಿ ಸಿಕ್ಕ ವಸ್ತುಗಳು 143. ಕುತ್ತಿಗೆಯೊಂದರಲ್ಲೇ ಎರಡು ಬಗೆಯ ಕಂಠಪಟ್ಟಿಗಳ ಜೊತೆ 20 ತಾಯಿತಗಳು ಆರು ಪದರಗಳಲ್ಲಿದ್ದವು. ಒಂದೊಂದು ಪದರದ ನಡುವೆಯೂ ಬಟ್ಟೆ ಪಟ್ಟಿಗಳ ಸುತ್ತು. ಕೆಂಪು ಜಾಸ್ಪರ್‌ನ ತಿತ್ ಅಲ್ಲಿತ್ತು, ಹಸಿರು ಫೆಲ್ಡ್‌ಸ್ಪಾರ್‌ನ ದಂಟೂ ಅಲ್ಲಿತ್ತು. ಎಲ್ಲರನ್ನೂ ಗಂಟಲಿಗೇ ಕಳಿಸಿದ ಗ್ರಂಥವನ್ನು ಅರಮನೆಯ ಶವಸಂಸ್ಕಾರದವರು ಪಾಲಿಸಿದ್ದು ಹೀಗೆ, ಒಂದರ ಮೇಲೊಂದು ಮಹಡಿ ಕಟ್ಟಿ.

ಆ ಬಿಚ್ಚುವ ಕೆಲಸ ಸಲೀಸಾಗಿ ಆಗಲಿಲ್ಲ. ಹೂಳುವಾಗ ಮೈಮೇಲೆ ಧಾರಾಳವಾಗಿ ಸುರಿದಿದ್ದ ಸುಗಂಧ ತೈಲ ಮತ್ತು ರಾಳ ಶತಮಾನಗಳಲ್ಲಿ ಬಟ್ಟೆಯನ್ನೇ ಸುಟ್ಟಂತೆ ಮಾಡಿ, ಮಸಿಯಂತಾಗಿಸಿ, ದೇಹವನ್ನು ಪೆಟ್ಟಿಗೆಯ ತಳಕ್ಕೂ ತಲೆಯನ್ನು ಮುಖವಾಡಕ್ಕೂ ಅಂಟಿಸಿಬಿಟ್ಟಿತ್ತು. ಕಾಯಿಸಿದ ಚಾಕುಗಳಿಂದ ಬಿಡಿಸಬೇಕಾಯಿತು. ದೇಹಕ್ಕೆ ಆದ ಹಾನಿ ದೊಡ್ಡದು. ಆದರೂ ಕಾರ್ಟರ್ ಮಾಡಿದ ಒಂದು ಕೆಲಸವನ್ನು ಮೆಚ್ಚಬೇಕು: ಪ್ರತಿ ಗುಂಪಿಗೂ ಗುರುತು ಹಾಕಿ, ಹಂತ ಹಂತವಾಗಿ ಫೋಟೊ ತೆಗೆಸಿ, ಯಾವುದು ಎಲ್ಲಿತ್ತು ಎಂದು ಬರೆದಿಟ್ಟ. ಅದಿಲ್ಲದಿದ್ದರೆ ಆರು ಪದರದ ಈ ಕಥೆ ನಮಗೆ ಸಿಗುತ್ತಲೇ ಇರಲಿಲ್ಲ.

ಇನ್ನು ಹೃದಯದ ಜೀರುಂಡೆ. ಎಲ್ಲ ತಾಯಿತಗಳಲ್ಲಿ ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಈಜಿಪ್ಟಿನವರಿಗೆ ಯೋಚನೆ, ನೆನಪು, ನಡತೆ ಎಲ್ಲ ಇದ್ದದ್ದು ಹೃದಯದಲ್ಲಿ. ಮಿದುಳನ್ನು ಮೂಗಿನ ದಾರಿಯಲ್ಲಿ ತೆಗೆದು ಎಸೆದರು. ಹೃದಯವನ್ನು ಎದೆಯಲ್ಲೇ ಬಿಡಬೇಕೆಂಬುದು ನಿಯಮ. ಸತ್ತ ಮೇಲೆ ತೀರ್ಪಿನ ಸಭೆಯಲ್ಲಿ ಆ ಹೃದಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಸತ್ಯದ ದೇವಿ ಮಾತ್‌ಳ ಗರಿ ಇಟ್ಟು ತೂಗುತ್ತಾರೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಆನಿಯ ಪಪೈರಸ್‌ನ ಚಿತ್ರವನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ: ನರಿ ಮುಖದ ದೇವರು ಅನುಬಿಸ್ ತಕ್ಕಡಿಯ ಮುಳ್ಳು ನೋಡುತ್ತಿದ್ದಾನೆ, ಬರಹದ ದೇವರು ಥೋಥ್ ಬರೆದುಕೊಳ್ಳುತ್ತಿದ್ದಾನೆ, ಹಿಂದೆ ಮೊಸಳೆ ಮೂತಿಯ ಅಮ್ಮಿತ್ ಕಾಯುತ್ತಿದ್ದಾಳೆ. ತೂಕ ತಪ್ಪಿದರೆ ಹೃದಯ ಅವಳ ಪಾಲು.

ಇಲ್ಲಿ ಒಂದು ತೊಡಕಿದೆ. ಮನುಷ್ಯ ಮಾಡಿದ್ದೆಲ್ಲ ಹೃದಯಕ್ಕೆ ಗೊತ್ತು. ಸಭೆಯಲ್ಲಿ ಅದೇ ಎದ್ದು ನಿಂತು ಸಾಕ್ಷಿ ಹೇಳಿಬಿಟ್ಟರೆ? 30ಬಿ ಮಂತ್ರ ಈ ಭಯಕ್ಕೇ ಇರುವುದು. ಅದರ ಸಾರ: ‘ನನ್ನ ತಾಯಿಯಿಂದ ಬಂದ ನನ್ನ ಹೃದಯವೇ, ನನ್ನ ವಿರುದ್ಧ ಸಾಕ್ಷಿಗೆ ನಿಲ್ಲಬೇಡ, ಸಭೆಯಲ್ಲಿ ನನಗೆ ಎದುರು ಹೇಳಬೇಡ, ತಕ್ಕಡಿ ಹಿಡಿದವನ ಮುಂದೆ ನನಗೆ ಹಗೆಯಾಗಬೇಡ.’ ಮಂತ್ರವನ್ನು ಜೀರುಂಡೆಯ ಚಪ್ಪಟೆ ತಳದಲ್ಲಿ ಅಡ್ಡಸಾಲುಗಳಲ್ಲಿ ಕೊರೆಯುತ್ತಾರೆ. ಸಗಣಿ ಉಂಡೆ ಉರುಳಿಸುವ ಜೀರುಂಡೆ ಯಾಕೆ ಎಂದರೆ, ಸೂರ್ಯನನ್ನು ದಿನವೂ ಉರುಳಿಸಿ ಮೇಲೆ ತರುವ ಖೆಪ್ರಿ ದೇವರ ರೂಪ ಅದು. ತನ್ನಿಂದ ತಾನೇ ಹುಟ್ಟುವ ದೇವರು. ನೈತಿಕವಾಗಿ ನೋಡಿದರೆ ಇದು ಸ್ವಲ್ಪ ವಿಚಿತ್ರವೇ. ಒಂದೆಡೆ 125ನೇ ಮಂತ್ರದಲ್ಲಿ ‘ನಾನು ಕದಿಯಲಿಲ್ಲ, ಕೊಲ್ಲಲಿಲ್ಲ, ಅಳತೆಯಲ್ಲಿ ಮೋಸ ಮಾಡಲಿಲ್ಲ’ ಎಂದು ಉದ್ದಕ್ಕೆ ಹೇಳಿಸುತ್ತಾರೆ, ಇನ್ನೊಂದೆಡೆ ಸಾಕ್ಷಿಯ ಬಾಯಿ ಕಟ್ಟುತ್ತಾರೆ. ಎರಡೂ ಬೇಕೆಂದು ಅವರಿಗೆ ಅನಿಸಿತ್ತು. ಅದರಲ್ಲಿ ಅವರಿಗೆ ವಿರೋಧವೇನೂ ಕಂಡಂತಿಲ್ಲ.

ಸೂಚನೆ ಏನು ಹೇಳುತ್ತದೆ? ಹಸಿರು ಕಲ್ಲಿನ ಜೀರುಂಡೆ, ಸುತ್ತ ಬಂಗಾರ-ಬೆಳ್ಳಿ ಮಿಶ್ರಲೋಹದ ಕಟ್ಟು, ನೇತು ಹಾಕಲು ಬೆಳ್ಳಿಯ ಬಳೆ, ಇಡುವುದು ಗಂಟಲ ಬಳಿ. ನಿಜವಾಗಿ ಸಿಕ್ಕವನ್ನು ನೋಡಿ. ಸರ್ಪೆಂಟಿನ್, ಬಸಾಲ್ಟ್, ಹಸಿರು ಜಾಸ್ಪರ್, ಫೇಯನ್ಸ್, ಗಾಜು, ಏನು ಕೈಗೆ ಬಂತೋ ಅದು. ಹಸಿರು ಇಲ್ಲವೇ ಕಪ್ಪು ಎಂಬಷ್ಟು ಮಾತ್ರ ಹೆಚ್ಚಾಗಿ ಉಳಿದಿದೆ. ತುತಾಂಖಾಮುನ್‌ನದು ಕಪ್ಪು ರಾಳದ್ದು, ಬೆನ್ನ ಮೇಲೆ ಈಜಿಪ್ಟಿನವರು ‘ಬೆನು’ ಎಂದು ಕರೆಯುತ್ತಿದ್ದ ಪವಿತ್ರ ಕೊಕ್ಕರೆಯ ಬಣ್ಣದ ಗಾಜಿನ ಕೆತ್ತನೆ. ಇದ್ದದ್ದು ಹೊಕ್ಕುಳ ಹತ್ತಿರ. ಅಂದರೆ ಕಲ್ಲೂ ಬೇರೆ, ಜಾಗವೂ ಬೇರೆ, ಅದೂ ರಾಜನಿಗೆ! ದುಡ್ಡಿನ ಕೊರತೆ ಎಂದು ಹೇಳುವ ಹಾಗಿಲ್ಲ. ಕೆಂಪು ಶಾಯಿಯ ಸಾಲು ಆದರ್ಶ. ಕಾರ್ಯಾಗಾರಕ್ಕೆ ತನ್ನದೇ ವಾಡಿಕೆ ಇತ್ತು ಎಂದು ಓದುವುದೇ ಸರಿ ಎಂದು ನನ್ನ ಅಭಿಪ್ರಾಯ.

ಇನ್ನೊಂದು ಉದಾಹರಣೆ ಹತ್ನೋಫರ್‌ದು. ರಾಣಿ ಹತ್ಶೆಪ್ಸುತ್‌ಳ ಆಪ್ತ ಅಧಿಕಾರಿ ಸೆನೆನ್‌ಮುತ್ ಗೊತ್ತಲ್ಲ, ಅವನ ತಾಯಿ. 1936ರಲ್ಲಿ ಅವಳ ಗೋರಿ ಥೀಬ್ಸ್‌ನಲ್ಲಿ ಯಾರೂ ಮುಟ್ಟದ ಸ್ಥಿತಿಯಲ್ಲಿ ಸಿಕ್ಕಿತು. ಅವಳ ಹೃದಯದ ಜೀರುಂಡೆ ಸರ್ಪೆಂಟಿನ್ ಕಲ್ಲಿನದು, ಬಂಗಾರದ ಕಟ್ಟು, ಹೆಣೆದ ಬಂಗಾರದ ಸರಪಳಿ. ಕಾಲುಗಳನ್ನೂ ರೆಕ್ಕೆಯ ಗೀರುಗಳನ್ನೂ ಅಷ್ಟು ನಾಜೂಕಾಗಿ ಬಿಡಿಸಿದ ಜೀರುಂಡೆಗಳು ವಿರಳ. ಆದರೆ ತಿರುಗಿಸಿ ತಳ ನೋಡಿದರೆ ಹತ್ನೋಫರ್ ಎಂಬ ಹೆಸರಿರುವ ಜಾಗದಲ್ಲಿ ಮೊದಲಿದ್ದದ್ದನ್ನು ಅಳಿಸಿ ಬರೆದಿದ್ದಾರೆ. ಅವಳಿಗೆಂದೇ ಮಾಡಿಸಿದ್ದಲ್ಲ ಎಂಬ ಅನುಮಾನಕ್ಕೆ ಅಷ್ಟು ಸಾಕು. ಇದು ಇವಳೊಬ್ಬಳ ಸಂಗತಿಯೂ ಅಲ್ಲ. ಮಂತ್ರ ಪೂರ್ತಿ ಕೊರೆದು ಹೆಸರಿಗೆ ಮಾತ್ರ ಖಾಲಿ ಬಿಟ್ಟ ಜೀರುಂಡೆಗಳು ಹಲವು ಮ್ಯೂಸಿಯಂಗಳಲ್ಲಿವೆ. ಮೊದಲೇ ತಯಾರಿಸಿಟ್ಟು, ಗಿರಾಕಿ ಬಂದಾಗ ಹೆಸರು ತುಂಬುವ ಪದ್ಧತಿ. ಕೆಲವು ಬಾರಿ ತುಂಬಲೇ ಇಲ್ಲ, ಹಾಗೇ ಹೂತರು.

ಹೃದಯದ ಜೀರುಂಡೆಗಳಲ್ಲಿ ಬಹಳ ಹಳೆಯದೊಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಮನುಷ್ಯ ಮುಖದ ಹಸಿರು ಜೀರುಂಡೆ, ಬಂಗಾರದ ಕಟ್ಟು, ಅದರ ಮೇಲೆ 17ನೇ ರಾಜವಂಶದ ಸೊಬೆಕೆಮ್ಸಾಫ್ ಎಂಬ ರಾಜನ ಹೆಸರು. ಅಕ್ಷರಗಳು ಒರಟಾಗಿವೆ, ರಾಜನದೇ ಎಂದು ನಂಬುವುದು ಕಷ್ಟ. ವಿಷಯದಿಂದ ಸ್ವಲ್ಪ ಆಚೆ ಹೋಗುತ್ತೇನೆ, ಯಾಕೆಂದರೆ ಆ ಹೆಸರಿನ ರಾಜನೊಬ್ಬನ ಗೋರಿ ಕಳ್ಳತನದ ಕಥೆ ಕಳ್ಳರ ಬಾಯಲ್ಲೇ ನಮಗೆ ಉಳಿದಿದೆ. ಒಂಬತ್ತನೇ ರಾಮ್ಸೆಸ್‌ನ ಆಳ್ವಿಕೆಯ 16ನೇ ವರ್ಷ, ಕ್ರಿ.ಪೂ. 1110ರ ಆಸುಪಾಸು. ಅಮೆನ್‌ಪನೂಫರ್ ಎಂಬ ಕಲ್ಲುಕುಟಿಗನೂ ಸಂಗಡಿಗರೂ ಸಿಕ್ಕಿಬಿದ್ದು ಹೇಳಿಕೆ ಕೊಡುತ್ತಾರೆ. ರಾಜನ ಕೊರಳಲ್ಲಿ ಬಂಗಾರದ ತಾಯಿತ, ಒಡವೆಗಳು ರಾಶಿ ಇದ್ದವು, ಬಂಗಾರವನ್ನೆಲ್ಲ ಬಿಡಿಸಿಕೊಂಡೆವು, ಶವಪೆಟ್ಟಿಗೆಗಳಿಗೆ ಬೆಂಕಿ ಇಟ್ಟೆವು ಎನ್ನುತ್ತಾರೆ. ಎಂಟು ಜನ ಹಂಚಿಕೊಂಡರು, ತಲಾ 20 ದೆಬೆನ್. ದೆಬೆನ್ ಎಂದರೆ ಸುಮಾರು 91 ಗ್ರಾಂ. ಒಟ್ಟು 160 ದೆಬೆನ್ ಎಂದರೆ ಹದಿನಾಲ್ಕೂವರೆ ಕಿಲೊ ಬಂಗಾರ. ಕಳ್ಳರು ಬಟ್ಟೆ ಬಿಚ್ಚುತ್ತ ಕೂರುವುದಿಲ್ಲ, ಎದೆ ಕೊರಳು ಸೀಳುತ್ತಾರೆ. ಬೇಗ ಆಗಬೇಕಾದಾಗ ಸುಡುತ್ತಾರೆ, ಕರಗಿದ ಬಂಗಾರ ಬೂದಿಯಲ್ಲಿ ಸಿಗುತ್ತದೆ. ತಾಯಿತ ಗಂಟಲಲ್ಲಿರಬೇಕು ಎಂಬ ನಿಯಮ ಪುರೋಹಿತನಿಗೆಷ್ಟು ಗೊತ್ತಿತ್ತೋ ಅವರಿಗೂ ಅಷ್ಟೇ ಗೊತ್ತಿತ್ತು.

ಲೋಹದ ಮಾತು ಬಂದಾಗ ತಲೆದಿಂಬಿನ ತಾಯಿತವನ್ನು ಬಿಡುವಂತಿಲ್ಲ. ಈಜಿಪ್ಟಿನವರು ಮಲಗುವಾಗ ತಲೆಗೆ ಇಡುತ್ತಿದ್ದದ್ದು ಮರದ ಇಲ್ಲವೇ ಕಲ್ಲಿನ ಗಟ್ಟಿ ಆಸರೆ, ಮೇಲೆ ಅರ್ಧಚಂದ್ರದಂತೆ ಬಾಗಿದ್ದು. ಅದರ ಪುಟ್ಟ ರೂಪ ಈ ತಾಯಿತ. 166ನೇ ಮಂತ್ರ ಇದರದ್ದು, ಸತ್ತವನ ತಲೆ ಮೈಯಿಂದ ಬೇರೆಯಾಗದಿರಲಿ, ಎದ್ದು ನಿಲ್ಲಲಿ ಎಂದು. ತುತಾಂಖಾಮುನ್‌ನ ಮುಖವಾಡದೊಳಗೆ ತಲೆಯ ಹಿಂಬದಿಯಲ್ಲಿ ಸಿಕ್ಕಿದ್ದು ಕಬ್ಬಿಣದ್ದು. ಆಗಿನ್ನೂ ಅದಿರಿನಿಂದ ಕಬ್ಬಿಣ ತೆಗೆಯುವುದು ಈಜಿಪ್ಟಿನಲ್ಲಿ ರೂಢಿಯಲ್ಲಿರಲಿಲ್ಲ. ಅವನ ಕಠಾರಿಯ ಕಬ್ಬಿಣ ಉಲ್ಕೆಯದು ಎಂಬುದನ್ನು ಅದರ ನಿಕಲ್ ಮತ್ತು ಕೋಬಾಲ್ಟ್ ಅಂಶ ನೋಡಿ 2016ರಲ್ಲಿ ಖಚಿತಪಡಿಸಿದರು. ಬಂಗಾರವನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಕೆಲಸ ಮಾಡುತ್ತಿದ್ದ ಕಾರ್ಯಾಗಾರದಿಂದ ಬಂದ ಈ ಕಬ್ಬಿಣದ ತಲೆದಿಂಬು ಮಾತ್ರ ಒರಟೊರಟು. ಆ ಲೋಹ ಅವರ ಕೈಗೆ ಪಳಗಿರಲಿಲ್ಲ. ಮುಂದೆ ಕೊನೆಯ ರಾಜವಂಶಗಳ ಕಾಲಕ್ಕೆ ತಲೆದಿಂಬನ್ನು ಹೆಚ್ಚಾಗಿ ಹೆಮಟೈಟ್ ಕಲ್ಲಿನಲ್ಲಿ ಮಾಡತೊಡಗಿದರು. ಹೆಮಟೈಟ್ ಎಂದರೆ ಕಬ್ಬಿಣದ ಆಕ್ಸೈಡ್, ಲೋಹದಂತೆಯೇ ಕಪ್ಪಾಗಿ ಹೊಳೆಯುತ್ತದೆ.

ಈಗ ಫೇಯನ್ಸ್. ಇದನ್ನು ಜೇಡಿಮಣ್ಣಿನ ಪಿಂಗಾಣಿ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಮಣ್ಣು ಇದರಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕುಟ್ಟಿ ಪುಡಿ ಮಾಡಿದ ಬೆಣಚುಕಲ್ಲು ಅಥವಾ ಮರಳು. ಜೊತೆಗೆ ಸ್ವಲ್ಪ ಸುಣ್ಣ, ಸ್ವಲ್ಪ ಕ್ಷಾರ (ನೇಟ್ರಾನ್ ಅಥವಾ ಗಿಡದ ಬೂದಿ), ಬಣ್ಣಕ್ಕೆ ತಾಮ್ರದ ಪುಡಿ. ನೀರು ಹಾಕಿ ಕಲಸಿದರೆ ಬರುವ ಮುದ್ದೆ ಬಹಳ ಹಠಮಾರಿ: ಕೈಯಲ್ಲಿ ಗಟ್ಟಿ ಇದ್ದಂತೆ ಕಾಣುತ್ತದೆ, ಅದುಮುತ್ತಿದ್ದಂತೆ ಸಡಿಲವಾಗಿ ಜಾರುತ್ತದೆ, ಬಗ್ಗಿಸಿದರೆ ಬಿರಿಯುತ್ತದೆ. ಚಕ್ರದ ಮೇಲೆ ಎತ್ತರಕ್ಕೆ ಎಳೆಯಲು ಒಲ್ಲದು. ಆದ್ದರಿಂದಲೇ ಅಚ್ಚು. ಸುಟ್ಟ ಜೇಡಿಮಣ್ಣಿನ, ಒಂದೇ ಮಗ್ಗುಲಿನ ತೆರೆದ ಅಚ್ಚು. ಅದರೊಳಗೆ ಮುದ್ದೆ ಒತ್ತಿ, ಹಿಂಬದಿಯನ್ನು ಚಪ್ಪಟೆಯಾಗಿ ಕೆರೆದು, ಕಿತ್ತು ತೆಗೆಯುವುದು. 1891-92ರಲ್ಲಿ ಇಂಗ್ಲೆಂಡಿನ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಈಜಿಪ್ಟಿನ ಅಮರ್ನಾದಲ್ಲಿ ಅಗೆದಾಗ ಇಂಥ ಅಚ್ಚುಗಳು ಸಾವಿರಾರು ಸಿಕ್ಕವು. ತೂಗುಹಾಕುವ ಕೊಂಡಿ ಬೇಕಿದ್ದರೆ ಬೇರೆ ಮಾಡಿ ಅದೇ ಮುದ್ದೆಯ ತೆಳು ನೀರಿನಿಂದ ಅಂಟಿಸುತ್ತಾರೆ. ಇವತ್ತು ಕೊಂಡಿ ಮುರಿದ ತಾಯಿತಗಳು ಅಷ್ಟೊಂದು ಸಿಗುವುದು ಯಾಕೆ ಎಂದರೆ ಆ ಬೆಸುಗೆಯೇ ಬಲಹೀನ ಜಾಗ.

ಮೆರುಗು ಬರುವ ಒಂದು ಬಗೆ ಸ್ವಾರಸ್ಯದ್ದು. ಮೇಲಿಂದ ಏನೂ ಬಳಿಯುವುದಿಲ್ಲ. ವಸ್ತು ನಿಧಾನಕ್ಕೆ ಒಣಗುವಾಗ ಒಳಗಿನ ಕ್ಷಾರ ನೀರಿನ ಜೊತೆ ಹೊರಕ್ಕೆ ಬಂದು ಮೇಲ್ಮೈಯಲ್ಲಿ ಬಿಳಿ ಪುಡಿಯಾಗಿ ಕೂರುತ್ತದೆ. ಸುಮಾರು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಆ ಪುಡಿ ಬೆಣಚಿನ ಜೊತೆ ಕರಗಿ ಗಾಜಾಗುತ್ತದೆ, ತಾಮ್ರ ಅದಕ್ಕೆ ನೀಲಿ ಹಸಿರು ಕೊಡುತ್ತದೆ. ಕೆಡುವುದೆಲ್ಲಿ? ಒಣಗುವಾಗ ಕೈ ತಾಗಿ ಪುಡಿ ಉದುರಿದರೆ ಅಲ್ಲಿ ಮೆರುಗು ಬರುವುದಿಲ್ಲ, ಬರಿ ಬಿಳಿ ಕಲೆ. ಬೇಗ ಒಣಗಿಸಿದರೆ ಬಿರುಕು. ನೆಲಕ್ಕೆ ಒರಗಿದ ಭಾಗದಲ್ಲಿ ಗಾಳಿ ಆಡದೆ ಕ್ಷಾರ ಹೊರಬರುವುದಿಲ್ಲ, ಅಲ್ಲೂ ಬೋಳು. ಶಾಖ ಹೆಚ್ಚಾದರೆ ಚಹರೆ ಕರಗಿ ಅನುಬಿಸ್‌ನ ಕಿವಿ ಹೊರಟುಹೋಗುತ್ತದೆ. ಇನ್ನೊಂದು ವಿಧಾನದಲ್ಲಿ ವಸ್ತುವನ್ನು ಮೆರುಗಿನ ಪುಡಿಯಲ್ಲೇ ಹೂತು ಸುಡುತ್ತಾರೆ. ಎಲ್ಲ ಮಗ್ಗುಲಿಗೂ ಮೆರುಗು ಬರುತ್ತದೆ, ಒರಗಿದ ಗುರುತೇ ಇರುವುದಿಲ್ಲ. ಮುಂದಿನ ಬಾರಿ ಮ್ಯೂಸಿಯಂಗೆ ಹೋದಾಗ ಚೂರು ಹಾರಿದ ತಾಯಿತವೊಂದನ್ನು ಹುಡುಕಿ ನೋಡಿ, ಒಳಗೆ ಬಿಳಿಯ ಹರಳುಹರಳು ತಿರುಳು ಕಾಣುತ್ತದೆ.

ಗಟ್ಟಿ ಕಲ್ಲಿನದು ಬೇರೆ ಕಷ್ಟ. ಆಕಾರ ಕೊಡುವುದು ಉಜ್ಜಿ ಉಜ್ಜಿ. ತೂತು ಕೊರೆಯಲು ಬಿಲ್ಲಿನಿಂದ ತಿರುಗಿಸುವ ಬೈರಿಗೆ, ತುದಿಗೆ ತಾಮ್ರ, ಕಡಿಯುವ ಕೆಲಸ ಮಾತ್ರ ಮರಳಿನದು. ಎರಡೂ ಬದಿಯಿಂದ ಕೊರೆದು ನಡುವೆ ಕೂಡಿಸುತ್ತಾರೆ, ಎಷ್ಟೋ ಸಲ ಎರಡು ತೂತು ಸರಿಯಾಗಿ ಸೇರದೆ ಒಳಗೊಂದು ಮೆಟ್ಟಿಲು ಉಳಿಯುತ್ತದೆ. ಬೈರಿಗೆ ಕೊನೆಯ ಗಳಿಗೆಯಲ್ಲಿ ಕಲ್ಲು ಒಡೆದರೆ ದಿನಗಳ ಕೆಲಸ ಹೋಯಿತು.

ಎಲ್ಲ ಕಾಲದಲ್ಲೂ ಒಂದೇ ಬಗೆಯ ತಾಯಿತ ಇರಲಿಲ್ಲ. ಕ್ರಿ.ಪೂ. 2100ರ ಆಚೀಚೆ, ಅರಸೊತ್ತಿಗೆ ಸಡಿಲಾಗಿದ್ದ ಕಾಲದಲ್ಲಿ, ಕೈ, ಕಾಲು, ಮುಖದ ಪುಟ್ಟ ರೂಪಗಳು ಸಾಮಾನ್ಯ ಹೆಂಗಸರ, ಮಕ್ಕಳ ಗೋರಿಗಳಲ್ಲಿ ಬಹಳ ಸಿಗುತ್ತವೆ. 1920ರ ದಶಕದಲ್ಲಿ ಗೈ ಬ್ರಂಟನ್ ಕಾವ್ ಮತ್ತು ಬದಾರಿ ಪ್ರದೇಶದಲ್ಲಿ ಅಗೆದದ್ದರಿಂದ ಇದು ಗೊತ್ತಾಯಿತು. ತಾಯಿತ ಎಂದರೆ ರಾಜರ ವಿಷಯ ಎಂದುಕೊಂಡವರು ಇದನ್ನು ನೆನಪಿಡಬೇಕು. ಬದುಕಿದ್ದಾಗ ಕಟ್ಟಿಕೊಂಡ ತಾಯಿತವನ್ನೇ ಜೊತೆಗಿಟ್ಟು ಹೂತದ್ದೂ ಉಂಟು. ಅವುಗಳ ಕೊಂಡಿ ದಾರ ಉಜ್ಜಿ ಸವೆದಿರುತ್ತದೆ. ಶವಕ್ಕೆಂದೇ ಮಾಡಿದವು ಹೊಚ್ಚ ಹೊಸದಾಗಿರುತ್ತವೆ. ಎಷ್ಟೋ ಸಲ ಕೊಂಡಿಯೇ ಇಲ್ಲ, ತೂತೇ ಇಲ್ಲ, ಬಟ್ಟೆಯ ಮಡಿಕೆಯಲ್ಲಿ ಇಟ್ಟರೆ ಸಾಕು.

ಅಂಥದ್ದೇ ಎರಡು ಬೆರಳಿನ ತಾಯಿತ. ತೋರುಬೆರಳು, ನಡುಬೆರಳು, ಉಗುರು ಗೆಣ್ಣು ಸಮೇತ. ಕಪ್ಪು ಅಬ್ಸಿಡಿಯನ್, ಕಪ್ಪು ಗಾಜು ಇಲ್ಲವೇ ಬೇರೆ ಕಪ್ಪು ಕಲ್ಲು. ಸಿಗುವುದು ಕೊನೆಯ ಕಾಲಘಟ್ಟದ ಮಮ್ಮಿಗಳಲ್ಲಿ, ಎಡ ಪಕ್ಕೆಯ ಸೀಳಿನ ಹತ್ತಿರ. ಶವಸಂಸ್ಕಾರ ಮಾಡಿದವನದೇ ಬೆರಳು, ಗಾಯವನ್ನು ಮುಚ್ಚಿ ಹಿಡಿದ ಗುರುತು ಎಂಬ ವಿವರಣೆ ಹೆಚ್ಚು ಒಪ್ಪಿತ. ಆ ಸೀಳಿನ ಬಗ್ಗೆ ಅವರಿಗೆ ಅಳುಕು ಇತ್ತು. ಗ್ರೀಕ್ ಲೇಖಕ ಡಿಯೊಡೋರಸ್ ಬರೆಯುತ್ತಾನೆ: ಸೀಳುವವನು ಕಲ್ಲಿನ ಅಲಗಿನಿಂದ ಸೀಳಿದ ಕೂಡಲೇ ಓಡಬೇಕು, ಅಲ್ಲಿದ್ದವರು ಶಾಪ ಹಾಕುತ್ತ ಅವನಿಗೆ ಕಲ್ಲು ಹೊಡೆಯುತ್ತಾರೆ. ಮೈಗೆ ಗಾಯ ಮಾಡಿದವನು ದೋಷಿ, ಆದರೆ ಮಾಡದೆ ವಿಧಿಯಿಲ್ಲ. ಗಾಯದ ಮೇಲೆ ಮುಚ್ಚಳವಾಗಿ ಮೇಣದ ಅಥವಾ ಲೋಹದ ತಗಡು, ಅದರಲ್ಲಿ ಗಿಡುಗದ ದೇವರು ಹೋರಸ್‌ನ ಕಣ್ಣು. ಹೋರಸ್‌ನ ಕಣ್ಣು ಕಿತ್ತುಹೋಗಿ ಮತ್ತೆ ಇಡಿಯಾದದ್ದು ತಾನೆ? ಮೈಯೂ ಹಾಗೇ ಇಡಿಯಾಗಲಿ ಎಂದು. ಇವುಗಳಲ್ಲಿ ಶ್ರೇಷ್ಠವಾದದ್ದು ತಾನಿಸ್‌ನಲ್ಲಿ ಪಿಯರ್ ಮೊಂತೆ 1940ರಲ್ಲಿ ತೆರೆದ ರಾಜ ಮೊದಲನೇ ಸೂಸೆನ್ನಿಸ್‌ನ ಗೋರಿಯಲ್ಲಿ ಸಿಕ್ಕ ಬಂಗಾರದ ತಗಡು. ಕಣ್ಣಿನ ಇಕ್ಕೆಲದಲ್ಲೂ ಹೋರಸ್‌ನ ನಾಲ್ವರು ಮಕ್ಕಳು.

ಆ ನಾಲ್ವರ ಹೊಣೆ ಒಳ ಅಂಗಗಳದ್ದು. ಮನುಷ್ಯ ಮುಖದ ಇಮ್ಸೆತಿ ಯಕೃತ್ತಿಗೆ, ಬಬೂನ್ ಮುಖದ ಹಾಪಿ ಶ್ವಾಸಕೋಶಕ್ಕೆ, ನರಿ ಮುಖದ ದುವಾಮುತೆಫ್ ಜಠರಕ್ಕೆ, ಗಿಡುಗದ ಮುಖದ ಕೆಬೆಹ್ಸೆನುಯೆಫ್ ಕರುಳಿಗೆ. ಮೊದಲು ಅಂಗಗಳನ್ನು ಜಾಡಿಗಳಲ್ಲಿ ಇಡುತ್ತಿದ್ದರು. 21ನೇ ರಾಜವಂಶದ ಹೊತ್ತಿಗೆ ಬಟ್ಟೆಯಲ್ಲಿ ಸುತ್ತಿ ಹೊಟ್ಟೆಯೊಳಗೇ ವಾಪಸಿಡುವ ರೂಢಿ ಬಂತು, ಒಂದೊಂದು ಗಂಟಿಗೂ ಮೇಣದ ಒಬ್ಬ ಮಗ. ಮುಂದೆ ಇದೇ ನಾಲ್ವರು ಫೇಯನ್ಸ್‌ನಲ್ಲಿ, ಅಂಚಿಗೆ ಹೊಲಿಗೆಯ ತೂತುಗಳ ಸಮೇತ, ರೆಕ್ಕೆ ಬಿಚ್ಚಿದ ಜೀರುಂಡೆಯೊಡನೆ ಮಮ್ಮಿಯ ಹೊರಮೈಯ ಮಣಿಬಲೆಗೆ ಏರಿದರು. ಒಳಗಿದ್ದ ತಾಯಿತ ಹೊರಗೆ ಬಂದ ಕೆಲವೇ ಸಂದರ್ಭಗಳಲ್ಲಿ ಇದೊಂದು. ಬಲೆಯ ದಾರ ಮೊದಲು ಕೊಳೆಯುತ್ತದೆ. ಅದಕ್ಕೇ ಮ್ಯೂಸಿಯಂಗಳಲ್ಲಿ ಕಾಣುವ ಬಹಳಷ್ಟು ಮಣಿಬಲೆಗಳು ಈಚೆಗೆ ಮತ್ತೆ ಪೋಣಿಸಿದವು. ವಿನ್ಯಾಸ ಮೂಲದ್ದೇ ಎಂದು ಕಣ್ಣುಮುಚ್ಚಿ ನಂಬಬೇಡಿ.

ಜಾಗದ ದಾಖಲೆಗೆ ಮತ್ತೆ ಬರುತ್ತೇನೆ. 1830ರ ದಶಕದ ಲಂಡನ್‌ನಲ್ಲಿ ಥಾಮಸ್ ಪೆಟಿಗ್ರೂ ಎಂಬ ಶಸ್ತ್ರವೈದ್ಯ ಟಿಕೆಟ್ ಇಟ್ಟು ಮಮ್ಮಿ ಬಿಚ್ಚುತ್ತಿದ್ದ. ಗೋರಿಗಳಿಂದ ವ್ಯಾಪಾರಿಗಳ ಕೈ ಸೇರಿ, ಅಲ್ಲಿಂದ ಮ್ಯೂಸಿಯಂಗಳಿಗೆ ಹೋದ ತಾಯಿತಗಳ ಲೆಕ್ಕವೇ ಇಲ್ಲ. ಅವು ಇವೆ, ಜಾಗ ಹೋಯಿತು. ಪೆಟ್ರಿ ಬೇರೆ ಬಗೆಯವನು. ಹವಾರಾದಲ್ಲಿ ಹೊರುಜಾ ಎಂಬ ಅಧಿಕಾರಿಯ ಗೋರಿಯಲ್ಲಿ ಉಪ್ಪುನೀರು ತುಂಬಿತ್ತು. 1888-89ರಲ್ಲಿ ಆ ನೀರಿನಲ್ಲೇ ನಿಂತು ಕೆಲಸ ಮಾಡಿ ಶವವನ್ನು ಹೊರತೆಗೆಸಿ, ತಾಯಿತಗಳ ಸಾಲನ್ನು ಗುರುತು ಮಾಡಿಕೊಂಡ. ಆಮೇಲೆ 1914ರಲ್ಲಿ ತಾಯಿತಗಳನ್ನು 275 ಬಗೆಗಳಾಗಿ ವಿಂಗಡಿಸಿದಾಗ, ಹಲವು ಮಮ್ಮಿಗಳ ಮೇಲೆ ಯಾವುದು ಎಲ್ಲಿತ್ತು ಎಂಬ ನಕ್ಷೆಗಳನ್ನೂ ಕೊಟ್ಟ. ಆ ನಕ್ಷೆಗಳು ಇಂದಿಗೂ ಕೆಲಸಕ್ಕೆ ಬರುತ್ತವೆ.

ಈಗ ಸಿ.ಟಿ. ಸ್ಕ್ಯಾನ್ ಇದೆ, ಬಿಚ್ಚುವ ಅಗತ್ಯವಿಲ್ಲ. ಕೈರೋದ ರೇಡಿಯಾಲಜಿಸ್ಟ್ ಸಹರ್ ಸಲೀಮ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಬಾಲಕನ ಮಮ್ಮಿಯನ್ನು ನೋಡಿ. 1916ರಲ್ಲಿ ದಕ್ಷಿಣ ಈಜಿಪ್ಟಿನ ಎದ್ಫು ಬಳಿ ಸಿಕ್ಕಿ, ಕೈರೋ ಮ್ಯೂಸಿಯಂನ ನೆಲಮಾಳಿಗೆಯಲ್ಲಿ ಮುಟ್ಟದೆ ಉಳಿದಿತ್ತು. ಟಾಲೆಮಿಗಳ, ಅಂದರೆ ಗ್ರೀಕ್ ಮೂಲದ ರಾಜರ, ಕಾಲದ ಹುಡುಗ, ಹದಿನಾಲ್ಕು ಹದಿನೈದರ ವಯಸ್ಸು. ಬಟ್ಟೆಯ ಮಡಿಕೆಗಳಲ್ಲೂ ದೇಹದೊಳಗೂ 21 ಬಗೆಯ 49 ತಾಯಿತಗಳು, ಮೂರು ಉದ್ದಸಾಲುಗಳಲ್ಲಿ. ಬಾಯಲ್ಲಿ ಬಂಗಾರದ ನಾಲಿಗೆ, ಮುಂದಿನ ಲೋಕದಲ್ಲಿ ಮಾತಾಡಲೆಂದು. ಹೃದಯದ ಜೀರುಂಡೆ ಬಂಗಾರದ್ದು, ಅದೂ ಎದೆಗೂಡಿನ ಒಳಗೇ. ಎರಡು ಬೆರಳಿನ ತಾಯಿತ ಶಿಶ್ನದ ಪಕ್ಕದಲ್ಲಿ. ಗಂಟಲಿಗೆ, ಹಸಿರು ಕಲ್ಲು ಎಂದ 30ಬಿ ಸೂಚನೆಯನ್ನು ಇದರ ಪಕ್ಕದಲ್ಲಿಟ್ಟು ಓದಿ.

ಇದೇ ಸಲೀಮ್ ಅವರು ಪುರಾತತ್ವಜ್ಞ ಜಾಹಿ ಹವಾಸ್ ಜೊತೆ 2021ರಲ್ಲಿ ಮೊದಲನೇ ಅಮೆನ್‌ಹೋತೆಪ್‌ನ ಸ್ಕ್ಯಾನ್ ವಿವರ ಪ್ರಕಟಿಸಿದರು: 30 ತಾಯಿತಗಳು, ಜೊತೆಗೆ 34 ಬಂಗಾರದ ಮಣಿಗಳ ನಡುಪಟ್ಟಿ. ಕಳ್ಳರು ಕೆಡವಿದ್ದ ಈ ಮಮ್ಮಿಯನ್ನು 21ನೇ ರಾಜವಂಶದ ಪುರೋಹಿತರು ರಿಪೇರಿ ಮಾಡಿ ಮತ್ತೆ ಸುತ್ತಿದ್ದರು. ರಿಪೇರಿಯ ನೆಪದಲ್ಲಿ ಅವರೇ ಒಡವೆ ದೋಚುತ್ತಿದ್ದರು ಎಂಬ ಹಳೆಯ ಆರೋಪ ಈ ರಾಜನ ಮಟ್ಟಿಗೆ ನಿಲ್ಲುವುದಿಲ್ಲ. ಸ್ಕ್ಯಾನಿಗೂ ಮಿತಿ ಇದೆ ಅನ್ನಿ. ಗಟ್ಟಿ ಲೋಹ ಸುತ್ತ ಗೆರೆಗಳನ್ನು ಎಬ್ಬಿಸಿ ಪಕ್ಕದ್ದನ್ನು ಮರೆಮಾಡುತ್ತದೆ, ಮೇಣದ ಬೊಂಬೆ ಮತ್ತು ರಾಳದ ಸಾಂದ್ರತೆ ಹತ್ತಿರ ಹತ್ತಿರ ಇರುವುದರಿಂದ ಬೊಂಬೆ ಕಾಣದೆಯೇ ಹೋಗಬಹುದು, ಬಣ್ಣವಂತೂ ಗೊತ್ತಾಗುವುದಿಲ್ಲ. ಬಣ್ಣವೂ ತಾಯಿತದ ಒಂದು ಪಾಲು ಎಂದೆನಲ್ಲ, ಆ ಪಾಲು ಬಟ್ಟೆಯೊಳಗೇ ಉಳಿಯುತ್ತದೆ.

ತಾಯಿತ ಕೊಳ್ಳಬಹುದೇ ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. 1983ರ 117ನೇ ಕಾನೂನಿನಿಂದ ಈಜಿಪ್ಟ್ ಪುರಾತನ ವಸ್ತುಗಳ ವ್ಯಾಪಾರವನ್ನೇ ನಿಲ್ಲಿಸಿದೆ. ಹೊರಗೆ ಮಾರಾಟಕ್ಕಿರುವವುಗಳಲ್ಲಿ ಜೀರುಂಡೆಗಳ ನಕಲು 19ನೇ ಶತಮಾನದಿಂದಲೇ ಪ್ರವಾಸಿಗರಿಗಾಗಿ ತಯಾರಾಗುತ್ತಿವೆ. ಅಸಲಿ ಇದ್ದರೂ ಎಲ್ಲಿಂದ ಬಂತು ಎಂಬ ಕಾಗದವಿಲ್ಲದಿದ್ದರೆ ಯಾರದೋ ಎದೆ ಸೀಳಿ ತಂದದ್ದಿರಬಹುದು. ಬೇಡ. ನಮಗೆ ಹತ್ತಿರದಲ್ಲಿ ಮಮ್ಮಿ ನೋಡಬೇಕೆಂದರೆ ಹೈದರಾಬಾದಿನ ತೆಲಂಗಾಣ ರಾಜ್ಯ ವಸ್ತುಸಂಗ್ರಹಾಲಯದಲ್ಲಿ ಒಂದಿದೆ.

ಈ ಪದ್ಧತಿ ನಿಂತದ್ದು ಯಾವಾಗ ಎಂಬುದು ಇನ್ನೊಂದು ಪ್ರಶ್ನೆ. ಒಂದು ದಿನಾಂಕ ಹೇಳಲಾಗದು. ರೋಮನ್ನರ ಆಳ್ವಿಕೆಯಲ್ಲಿ ಒಳಗಿನ ತಾಯಿತಗಳು ಕಡಿಮೆಯಾಗುತ್ತ ಹೋಗಿ, ಖರ್ಚು ಕೆಲಸ ಎರಡೂ ಹೊರಮೈಗೆ ಬಂದವು: ಮುಖದ ವರ್ಣಚಿತ್ರ, ಬಂಗಾರ ಬಳಿದ ಮುಖವಾಡ, ಬಣ್ಣದ ಪಟ್ಟಿಗಳನ್ನು ವಜ್ರಾಕೃತಿಯ ಚೌಕಗಳಾಗಿ ಸುತ್ತುವ ನಾಜೂಕು. ಬಂಗಾರದ ರೇಕಿನ ನಾಲಿಗೆ ಮಾತ್ರ ಆಗಲೂ ಉಳಿದಿತ್ತು. ಕ್ರೈಸ್ತ ಧರ್ಮ ಹಬ್ಬಿದ ಮೇಲೂ ಜನ ತಾಯಿತ ಬಿಡಲಿಲ್ಲ; ಪಪೈರಸ್ ಚೂರಿನ ಮೇಲೆ ಪ್ರಾರ್ಥನೆ ಬರೆದು ಮಡಿಚಿ ಕಟ್ಟಿಕೊಂಡರು, ಆದರೆ ಬದುಕಿದ್ದವರು, ಜ್ವರಕ್ಕೆ, ಪೀಡೆಗೆ.